ಗ್ಯಾಸ್ ಇಲ್ಲದೆ ಆಯಸ್ಕಾಂತದಿಂದ ಫ್ರಿಜ್ ತಂಪಾಗುತ್ತಾ? ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ನಡೆಯುತ್ತಾ?

ತಂಪಾಗುತ್ತದೆ. ಆದರೆ ಕರೆಂಟ್ ಬೇಕೇ ಬೇಕು. ಆಯಸ್ಕಾಂತ ತಿರುಗಿಸಲು ಮೋಟರ್, ನೀರು ಹರಿಸಲು ಪಂಪ್ ಇರುತ್ತದಲ್ಲ.

ರಬ್ಬರ್ ಬ್ಯಾಂಡನ್ನು ಪಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಎಳೆದೇ ಸ್ವಲ್ಪ ಹೊತ್ತು ಹಿಡಿದು ಬಿಟ್ಟರೆ ತಣ್ಣಗೆ. ಗಡೋಲಿನಿಯಮ್ ಎಂಬ ಲೋಹ ಆಯಸ್ಕಾಂತದ ಹತ್ತಿರ ಹೆಚ್ಚುಕಡಿಮೆ ಹೀಗೇ ಆಡುತ್ತದೆ. ಅದರ ಪರಮಾಣುಗಳು ಪುಟ್ಟ ಆಯಸ್ಕಾಂತಗಳಿದ್ದಂತೆ, ದಿಕ್ಕಿಗೊಂದು ಮುಖ ಮಾಡಿರುತ್ತವೆ. ದೊಡ್ಡ ಆಯಸ್ಕಾಂತ ಬಂದರೆ ಸಾಲಾಗಿ ನಿಲ್ಲುತ್ತವೆ, ಲೋಹ ಬಿಸಿಯಾಗುತ್ತದೆ. ಆ ಬಿಸಿಯನ್ನು ನೀರು ಹೊತ್ತೊಯ್ಯುತ್ತದೆ. ಆಮೇಲೆ ಆಯಸ್ಕಾಂತ ಸರಿಸಿದಾಗ ಪರಮಾಣುಗಳು ಮತ್ತೆ ಚದುರುತ್ತವೆ. ಅದಕ್ಕೆ ಬೇಕಾದ ಶಾಖವನ್ನು ಲೋಹದಿಂದಲೇ ಎಳೆದುಕೊಳ್ಳುತ್ತವೆ. ಲೋಹ ಮೊದಲಿಗಿಂತ ತಣ್ಣಗಾಗುತ್ತದೆ.

ಗಡೋಲಿನಿಯಮ್ ಚೆನ್ನಾಗಿ ಕೆಲಸ ಮಾಡುವುದು 20 ಡಿಗ್ರಿ ಆಸುಪಾಸಿನಲ್ಲಿ. ನಮ್ಮ ಮಡಿಕೇರಿ ಹವೆಯೇ ಅಲ್ವಾ! ಆದರೆ ಒಂದು ಸುತ್ತಿಗೆ ಇಳಿಯುವುದು ಎರಡು ಮೂರು ಡಿಗ್ರಿ ಅಷ್ಟೇ, ಹಾಗಾಗಿ ಸುತ್ತು ಹಾಕುತ್ತಲೇ ಇರಬೇಕು.

1997ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಏಮ್ಸ್ ಲ್ಯಾಬ್‌ನವರು ಇದಕ್ಕೆ ಸಿಲಿಕಾನ್, ಜರ್ಮೇನಿಯಮ್ ಬೆರೆಸಿ ಇನ್ನೂ ಜಾಸ್ತಿ ಪರಿಣಾಮ ಕಂಡರು. ಆದರೂ ಇಂಥ ಲೋಹ, ಬಲವಾದ ಆಯಸ್ಕಾಂತ ಎರಡೂ ದುಬಾರಿ. ಪಂದಿ ಮಾಂಸ ಇಡಲು ಸದ್ಯಕ್ಕೆ ಹಳೇ ಫ್ರಿಜ್ಜೇ ಗತಿ.