ವಿಎಲ್‌ಸಿಯಲ್ಲಿ ಬರುವ ಹಾಡು ಅಲಾರಂ ಸಾಫ್ಟ್‌ವೇರ್‌ನಲ್ಲಿ ಯಾಕೆ ಬರುವುದಿಲ್ಲ?

‘ವಿಎಲ್‌ಸಿಯಲ್ಲಿ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ಫೈಲ್ ಸರಿ ಇದೆ’ ಅಂತ ಬರೆದಿದ್ದೀರಲ್ಲ, ಮೊದಲು ಆ ನಂಬಿಕೆಯನ್ನು ಬದಿಗಿಡಿ (ವಿಎಲ್‌ಸಿ ಅಂದರೆ ಹಾಡು, ವಿಡಿಯೋ ಓಡಿಸುವ ಒಂದು ಪ್ಲೇಯರ್). ನಿಮ್ಮ ದೂರು ಇಷ್ಟು: ವಿಂಡೋಸ್ ಕಂಪ್ಯೂಟರ್‌ನಲ್ಲಿ ಅಲಾರಂ ಸಾಫ್ಟ್‌ವೇರ್ ಹಾಕಿದ್ದೀರಿ, ಇಷ್ಟದ ಹಾಡು ಆರಿಸಿದರೆ ‘ಫೈಲ್ ಪ್ಲೇ ಮಾಡಲು ಆಗುತ್ತಿಲ್ಲ’ ಅನ್ನುತ್ತದೆ, ಕೆಲವು ದಿನ ಬೆಳಿಗ್ಗೆ ಎರರ್ ಕೂಡ ಇಲ್ಲದೆ ಸುಮ್ನೆ ಇದ್ದುಬಿಡುತ್ತದೆ. ನನಗೆ ಇವು ಎರಡು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಎರರ್ ಬರುವುದು ಹೆಚ್ಚಾಗಿ ಫೈಲಿನ ಕಡೆಯ ಸಮಸ್ಯೆ. ಸದ್ದೇ ಇಲ್ಲದಿರುವುದು ಹೆಚ್ಚಾಗಿ ಕಂಪ್ಯೂಟರ್ ನಿದ್ದೆಯದ್ದು ಅಥವಾ ಸ್ಪೀಕರ್‌ನದ್ದು.

ವಿಎಲ್‌ಸಿ ಮಾತು ಯಾಕೆ ನಂಬಬಾರದು ಅಂದರೆ, ಅದು ಯಾರನ್ನೂ ಕೇಳುವುದಿಲ್ಲ. ಹಾಡು ಬಿಚ್ಚಿ ಓದುವ ಕೋಡೆಕ್‌ಗಳನ್ನೆಲ್ಲ ತನ್ನ ಜೊತೆಗೇ ತಂದುಕೊಂಡಿರುತ್ತದೆ. ಅಲಾರಂ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಹಾಗಲ್ಲ. ಅವು ಚಿಕ್ಕ ಪ್ರೋಗ್ರಾಂಗಳು. ಸಮಯ ನೋಡುತ್ತವೆ, ಸಮಯವಾದಾಗ ಫೈಲನ್ನು ವಿಂಡೋಸ್ ಕೈಗೆ ಕೊಟ್ಟು ‘ಇದನ್ನು ಹಾಡಿಸು’ ಅನ್ನುತ್ತವೆ. ವಿಂಡೋಸ್‌ಗೆ ಆ ಫೈಲ್ ಅರ್ಥವಾಗದಿದ್ದರೆ ಎರರ್. ಆದ್ದರಿಂದ ಪರೀಕ್ಷೆ ಮಾಡುವುದಾದರೆ ವಿಂಡೋಸ್ ಜೊತೆ ಬರುವ ಮೀಡಿಯಾ ಪ್ಲೇಯರ್‌ನಲ್ಲಿ ಮಾಡಿ. ಅಲ್ಲೂ ಬರದಿದ್ದರೆ ಅಲಾರಂ ಸಾಫ್ಟ್‌ವೇರ್‌ನ ತಪ್ಪೇನೂ ಇಲ್ಲ.

ಅದಕ್ಕೂ ಮುಂಚೆ ಒಂದು ನಿಮಿಷದ ಕೆಲಸ ಇದೆ. ಸಿ ಡ್ರೈವ್‌ನಲ್ಲಿ ‘ವಿಂಡೋಸ್’ ಫೋಲ್ಡರ್, ಅದರೊಳಗೆ ‘ಮೀಡಿಯಾ’ ಅಂತ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿ ‘ಅಲಾರಂ01’ ರಿಂದ ‘ಅಲಾರಂ10’ ರವರೆಗೆ ವೇವ್ ಫೈಲ್‌ಗಳಿವೆ. ಯಾವುದಾದರೂ ಒಂದನ್ನು ಆರಿಸಿ, ಎರಡು ನಿಮಿಷದ ನಂತರಕ್ಕೆ ಅಲಾರಂ ಇಡಿ. ಅದು ಬಾರಿಸಿದರೆ ಸಾಫ್ಟ್‌ವೇರ್ ಸರಿ, ಸ್ಪೀಕರ್ ಸರಿ, ನಿಮ್ಮ ಹಾಡಿನ ಫೈಲ್‌ನಲ್ಲೇ ಏನೋ ಇದೆ. ಅದೂ ಬಾರಿಸದಿದ್ದರೆ ಹಾಡನ್ನು ಬಿಟ್ಟು ನೇರವಾಗಿ ಕೊನೆಯ ಭಾಗಕ್ಕೆ ಹೋಗಿ. ಈ ಒಂದು ಪರೀಕ್ಷೆ ಮಾಡದೆ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುವವರೇ ಜಾಸ್ತಿ. ಫೈಲೇ ಕಾರಣವಾಗಿದ್ದರೆ ಸಾಫ್ಟ್‌ವೇರ್ ಎಷ್ಟು ಸಲ ಹಾಕಿದರೂ ಅದೇ ಎರರ್ ಬರುತ್ತದೆ, ಅಲ್ವಾ?

ಈಗ ಫೈಲ್ ವಿಷಯ. ಹೆಸರಿನ ಕೊನೆಗೆ ಎಂಪಿ3 ಅಂತ ಇದೆ ಅಂದಮಾತ್ರಕ್ಕೆ ಒಳಗೆ ಎಂಪಿ3 ಇದೆ ಅಂತಲ್ಲ. ಅದು ಡಬ್ಬಿಯ ಮೇಲಿನ ಚೀಟಿ ಇದ್ದಂತೆ. ಸಕ್ಕರೆ ಅಂತ ಬರೆದ ಡಬ್ಬಿಯಲ್ಲಿ ಉಪ್ಪು ಇರಬಹುದು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಹಾಡುಗಳಲ್ಲಿ ಇದು ಸಾಮಾನ್ಯ. ಒಳಗಿರುವುದು ಎಎಸಿ ಅಥವಾ ಓಪಸ್ ಅನ್ನುವ ಬೇರೆ ಬಗೆಯ ಆಡಿಯೋ, ಹೆಸರು ಮಾತ್ರ ಎಂಪಿ3. ಇದನ್ನು ಪತ್ತೆ ಮಾಡಲು ವಿಎಲ್‌ಸಿಯೇ ಸಾಕು. ಹಾಡು ಓಡುತ್ತಿರುವಾಗ ಕಂಟ್ರೋಲ್ ಮತ್ತು ಜೆ ಕೀ ಒಟ್ಟಿಗೆ ಒತ್ತಿ. ಒಂದು ಕಿಟಕಿ ತೆರೆಯುತ್ತದೆ, ಅಲ್ಲಿ ‘ಕೋಡೆಕ್’ ಅಂತ ಒಂದು ಸಾಲು ಇರುತ್ತದೆ. ‘ಎಂಪೆಗ್ ಆಡಿಯೋ ಲೇಯರ್’ ಅಂತ ಶುರುವಾದರೆ ನಿಜವಾದ ಎಂಪಿ3. ‘ಎಎಸಿ’ ಅಥವಾ ‘ಓಪಸ್’ ಅಂತ ಕಂಡರೆ ಚೀಟಿ ಸುಳ್ಳು.

ಎಎಸಿ ಓದುವುದನ್ನು ವಿಂಡೋಸ್ 7ರಲ್ಲೇ ಸೇರಿಸಿದರು, ಎಫ್‌ಎಲ್‌ಎಸಿ ಅನ್ನುವ ಇನ್ನೊಂದು ಬಗೆಯ ಆಡಿಯೋ ಓದುವುದು ಬಂದಿದ್ದು ವಿಂಡೋಸ್ 10ರಲ್ಲಿ. ಹಾಗಿದ್ದೂ ಹಳೆಯ ಅಲಾರಂ ಸಾಫ್ಟ್‌ವೇರ್‌ಗಳು ಎಡವುತ್ತವೆ. ವಿಂಡೋಸ್‌ನಲ್ಲಿ ಹಾಡು ಹಾಡಿಸುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಹೊಸ ದಾರಿಗೆ ಗೊತ್ತಿರುವುದೆಲ್ಲ ಹಳೆಯ ದಾರಿಗೆ ಗೊತ್ತಿರುವುದಿಲ್ಲ. ಇನ್ನೊಂದು, ನಿಮ್ಮ ವಿಂಡೋಸ್ ಹೆಸರಿನ ಕೊನೆಯಲ್ಲಿ ‘ಎನ್’ ಅಕ್ಷರ ಇದೆಯಾ ನೋಡಿ. ಎನ್ ಆವೃತ್ತಿಯಲ್ಲಿ ಮೀಡಿಯಾ ಭಾಗಗಳೇ ಇರುವುದಿಲ್ಲ. ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ ಒಳಗಿಂದ ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಂಡು ರೀಸ್ಟಾರ್ಟ್ ಮಾಡಬೇಕು.

ಇಲ್ಲಿ ಯಾರಾದರೂ ‘ಕೋಡೆಕ್ ಪ್ಯಾಕ್ (ವಿಂಡೋಸ್‌ಗೆ ಹಲವು ಕೋಡೆಕ್‌ಗಳನ್ನು ಒಟ್ಟಿಗೆ ಸೇರಿಸುವ ಕಟ್ಟು) ಹಾಕಿಕೊಳ್ಳಿ’ ಅಂತ ಸಲಹೆ ಕೊಟ್ಟೇ ಕೊಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಒಂದು ಹಾಡಿಗೋಸ್ಕರ ಇಡೀ ಕಂಪ್ಯೂಟರ್‌ನ ಮೀಡಿಯಾ ವ್ಯವಸ್ಥೆ ಕದಲಿಸುವುದು ಅತಿಯಾಯಿತು. ಮೇಲಾಗಿ ಅಲಾರಂ ಸಾಫ್ಟ್‌ವೇರ್ 32 ಬಿಟ್‌ನದ್ದಾಗಿದ್ದು ನೀವು 64 ಬಿಟ್ ಕೋಡೆಕ್ ಹಾಕಿದರೆ ಏನೂ ಪ್ರಯೋಜನ ಇಲ್ಲ. ಫೈಲನ್ನೇ ಬದಲಾಯಿಸುವುದು ಸುಲಭ. ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಆರ್ ಒತ್ತಿ, ಹಾಡು ಸೇರಿಸಿ, ಪ್ರೊಫೈಲ್‌ನಲ್ಲಿ ‘ಆಡಿಯೋ - ಎಂಪಿ3’ ಆರಿಸಿ, ಹೊಸ ಹೆಸರು ಕೊಟ್ಟು ಸೇವ್ ಮಾಡಿ. ಹಳೆಯ ಹೆಸರನ್ನೇ ಕೊಡಬೇಡಿ, ಮೂಲ ಫೈಲ್ ಹಾಳಾಗುತ್ತದೆ. ಎಂಪಿ3ಗೂ ತಕರಾರು ಮಾಡಿದರೆ ವೇವ್ ಮಾಡಿಬಿಡಿ. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ ನಿಜ. ಆದರೆ ಅಲಾರಂಗೆ ಇಡೀ ಹಾಡು ಯಾಕೆ? ಒಂದು ನಿಮಿಷದ ತುಂಡು ಸಾಕು.

ಎರರ್ ಜೊತೆ ಒಂದು ಸಂಖ್ಯೆ ಬರುತ್ತಿದ್ದರೆ ಅದನ್ನು ಸರಿಯಾಗಿ ಓದಿ. ‘ಎಂಸಿಐ’ ಅನ್ನುವ ಪದ ಕಂಡರೆ ಸಾಫ್ಟ್‌ವೇರ್ ವಿಂಡೋಸ್‌ನ ಬಹಳ ಹಳೆಯ ದಾರಿ ಹಿಡಿದಿದೆ ಅಂತ ಅರ್ಥ. ಅದರಲ್ಲಿ 275 ಅಂದರೆ ಫೈಲೇ ಸಿಗಲಿಲ್ಲ. 277 ಅಂದರೆ ಒಳಗೆ ಏನೋ ಎಡವಟ್ಟಾಯಿತು ಅಷ್ಟೇ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಈ ಹಳೆಯ ದಾರಿಗೆ ಫೈಲಿನ ಹೆಸರು, ಫೋಲ್ಡರ್ ಎಲ್ಲ ಸೇರಿ ಉದ್ದವಾದರೂ ಕಷ್ಟ. ಹಾಡಿನೊಳಗೆ ದೊಡ್ಡ ಆಲ್ಬಂ ಚಿತ್ರ ಅಂಟಿಸಿದ್ದರೆ ಕೆಲವೊಮ್ಮೆ ಅದಕ್ಕೂ ಮುಗ್ಗರಿಸುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇದನ್ನು ಮೊದಲು ನೋಡಿ: ಅಲಾರಂ ಕಿಟಕಿಯಲ್ಲಿ ಹಾಡಿನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತಿದೆಯಾ? ಕಂಡರೆ ಆ ಸಾಫ್ಟ್‌ವೇರ್‌ಗೆ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳನ್ನು ಗುರುತಿಸುವ ಪದ್ಧತಿ, ಬರುವುದಿಲ್ಲ. ಅದು ಆ ಪ್ರಶ್ನಾರ್ಥಕ ಚಿಹ್ನೆಗಳ ಹೆಸರಿನ ಫೈಲನ್ನೇ ಹುಡುಕುತ್ತದೆ. ಎಲ್ಲಿಂದ ಸಿಗಬೇಕು? ಸಿ ಡ್ರೈವ್‌ನಲ್ಲಿ ಇಂಗ್ಲಿಷ್ ಹೆಸರಿನ ಚಿಕ್ಕ ಫೋಲ್ಡರ್ ಮಾಡಿ, ಹಾಡಿಗೂ ಇಂಗ್ಲಿಷ್‌ನಲ್ಲಿ ಒಂದೇ ಪದದ ಹೆಸರಿಟ್ಟು ಅಲ್ಲಿ ಹಾಕಿ. ನಮ್ಮ ಭಾಷೆಗೆ ಮರ್ಯಾದೆ ಇಲ್ಲವಲ್ಲ ಅಂತ ಬೇಜಾರಾಗುತ್ತದೆ, ಆದರೆ ಹಾಡಂತೂ ಬರುತ್ತದೆ.

ಹಾಡು ಎಲ್ಲಿದೆ ಅನ್ನುವುದೂ ಮುಖ್ಯ. ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಫೋಲ್ಡರ್‌ನಲ್ಲಿದ್ದು ಪಕ್ಕದಲ್ಲಿ ಮೋಡದ ಚಿತ್ರ ಇದ್ದರೆ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ. ಹಗಲು ನೆಟ್ ಇದ್ದಾಗ ಕ್ಲಿಕ್ ಮಾಡಿದರೆ ಇಳಿದು ಬರುತ್ತದೆ. ಬೆಳಗಿನ ಜಾವ ಈಗಷ್ಟೇ ಎದ್ದ ಕಂಪ್ಯೂಟರ್‌ಗೆ ವೈಫೈ ಇನ್ನೂ ಸಿಕ್ಕಿರುವುದಿಲ್ಲ. ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ. ಪೆನ್‌ಡ್ರೈವ್, ನೆಟ್‌ವರ್ಕ್ ಡ್ರೈವ್‌ನಿಂದಲೂ ಹಾಡಿಸಬೇಡಿ. ಇಂಟರ್‌ನೆಟ್ ರೇಡಿಯೋ ಇಟ್ಟುಕೊಂಡವರಿಗೂ ಇದೇ ಗತಿ, ಜೊತೆಗೆ ರೇಡಿಯೋದವರು ಲಿಂಕ್ ಬದಲಾಯಿಸಿದರೆ ಹೇಳಿ ಬದಲಾಯಿಸುವುದಿಲ್ಲ.

ಇನ್ನು ಸದ್ದಿಲ್ಲದ ಬೆಳಗುಗಳು. ಕಂಪ್ಯೂಟರ್ ಪೂರ್ತಿ ಶಟ್‌ಡೌನ್ ಆಗಿದ್ದರೆ ಅಲಾರಂ ಸಾಫ್ಟ್‌ವೇರ್ ಏನೂ ಮಾಡಲಾರದು. ಸ್ಲೀಪ್‌ನಲ್ಲಿದ್ದರೆ ಎಬ್ಬಿಸಬಹುದು, ಅದಕ್ಕೆ ಆ ಸಾಫ್ಟ್‌ವೇರ್‌ಗೆ ಎಬ್ಬಿಸಲು ಬರಬೇಕು ಮತ್ತು ವಿಂಡೋಸ್ ಒಪ್ಪಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಸ್ಲೀಪ್, ಅದರಡಿ ‘ಅಲೌ ವೇಕ್ ಟೈಮರ್ಸ್’ ನೋಡಿ. ಅದು ‘ಎನೇಬಲ್’ ಆಗಿರಬೇಕು. ‘ಇಂಪಾರ್ಟೆಂಟ್ ವೇಕ್ ಟೈಮರ್ಸ್ ಓನ್ಲಿ’ ಅಂತ ಇದ್ದರೆ ಸಾಲದು, ಅದು ವಿಂಡೋಸ್‌ನ ಸ್ವಂತ ಕೆಲಸಗಳಿಗೆ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿಗೆ ಬೇರೆ, ಚಾರ್ಜರ್‌ಗೆ ಬೇರೆ ಸೆಟ್ಟಿಂಗ್ ಇರುತ್ತದೆ. ಕೆಲವು ದಿನ ಬಾರಿಸಿ ಕೆಲವು ದಿನ ಬಾರಿಸದಿರುವುದಕ್ಕೆ ನನ್ನ ಅನುಮಾನ ಮೊದಲು ಇದರ ಮೇಲೆಯೇ.

ಎರಡನೇ ಅನುಮಾನ ಸದ್ದು ಎಲ್ಲಿಗೆ ಹೋಗುತ್ತಿದೆ ಅನ್ನುವುದರ ಮೇಲೆ. ಎಚ್‌ಡಿಎಂಐ ಮಾನಿಟರ್‌ನ ಸ್ಪೀಕರ್ ಬಳಸುತ್ತಿದ್ದರೆ, ಮಾನಿಟರ್ ಮಲಗಿದಾಗ ಆ ಸ್ಪೀಕರೂ ವಿಂಡೋಸ್ ಕಣ್ಣಿಗೆ ಕಾಣದಂತಾಗಬಹುದು. ಬ್ಲೂಟೂತ್ ಹೆಡ್‌ಫೋನ್ ಕನೆಕ್ಟ್ ಆಗಿಯೇ ಇದ್ದರೆ ಹಾಡು ಮೇಜಿನ ಮೇಲಿರುವ ಹೆಡ್‌ಫೋನ್‌ನೊಳಗೆ ಹಾಡಿಕೊಳ್ಳುತ್ತಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಔಟ್‌ಪುಟ್ ಆರಿಸುವ ಜಾಗ ಇದ್ದರೆ ಒಳಗಿನ ಸ್ಪೀಕರ್ ಆರಿಸಿ. ವಾಲ್ಯೂಮ್ ಮಿಕ್ಸರ್ ಕೂಡ ತೆರೆದು ನೋಡಿ, ಅಲ್ಲಿ ಒಂದೊಂದು ಪ್ರೋಗ್ರಾಂಗೂ ಬೇರೆ ವಾಲ್ಯೂಮ್ ಇದೆ. ಅಲಾರಂದು ಸೊನ್ನೆಯಲ್ಲಿರಬಹುದು. ಅದು ಸದ್ದು ಮಾಡುತ್ತಿರುವಾಗ ನೋಡಿದರೇನೇ ಪಟ್ಟಿಯಲ್ಲಿ ಕಾಣುವ ಸಾಧ್ಯತೆ ಜಾಸ್ತಿ.

ಇಷ್ಟಾದ ಮೇಲೆ ರಾತ್ರಿ ಇಡುವ ಸ್ಥಿತಿಯಲ್ಲೇ ಒಮ್ಮೆ ಪರೀಕ್ಷಿಸಿ. ಹತ್ತು ನಿಮಿಷ ಮುಂದಕ್ಕೆ ಅಲಾರಂ ಇಟ್ಟು, ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಕಾಯಿರಿ. ಆಗಲೂ ಬರದಿದ್ದರೆ ಎರರ್‌ನ ಪೂರ್ತಿ ಸಾಲು, ಕಂಟ್ರೋಲ್-ಜೆ ತೋರಿಸಿದ ಕೋಡೆಕ್ ಹೆಸರು ಮತ್ತು ಅಲಾರಂ01 ಬಾರಿಸಿತೋ ಇಲ್ಲವೋ ಅನ್ನುವುದನ್ನು ಇಲ್ಲಿ ಬರೆಯಿರಿ, ಮುಂದೆ ನೋಡೋಣ.