ಪ್ರಕರಣ: ಡಾಕ್ಟರಿಗೆ ತೋರಿಸದ ಎರಡು ಡಬ್ಬಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 52 ವರ್ಷ, ಅಡಿಕೆ ಬೆಳೆಗಾರರು. ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು 8 ತಿಂಗಳಾಗಿತ್ತು. ರಾತ್ರಿ ನಿದ್ದೆ ಬರುವುದಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಿದ್ದರು. ಎರಡನೇ ಭೇಟಿಯಲ್ಲಿ ಅವರ ಹೆಂಡತಿ ಕೈಚೀಲದಿಂದ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಂದು ರೇಶಿ ಅಣಬೆಯ ಕ್ಯಾಪ್ಸೂಲು, ರಕ್ತನಾಳಕ್ಕೆ. ಇನ್ನೊಂದು ಅಮೃತಬಳ್ಳಿ ಸತ್ವ, ಲಿವರಿಗೆ. ತಂದುಕೊಡುತ್ತಿದ್ದವನು ಭಾವಮೈದುನ.

"ಗಿಡಮೂಲಿಕೆ ತಾನೇ ಮೇಡಂ, ಏನಾಗುತ್ತೆ?"

ಆಗಲೇ ಆಗುತ್ತಿತ್ತು. ಹಲ್ಲುಜ್ಜಿದಾಗ ವಸಡಿನಲ್ಲಿ ರಕ್ತ. ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ, 40ರ ಆಸುಪಾಸಿನೊಳಗೆ ಇರಬೇಕಾದ ಎಸ್‌ಜಿಪಿಟಿ 188ಕ್ಕೆ ಏರಿತ್ತು. ಅದನ್ನು ನೋಡಿ ಗಾಬರಿಯಾಗಿ ಸತ್ವವನ್ನು ದಿನಕ್ಕೆರಡು ಹೊತ್ತು ಮಾಡಿಕೊಂಡಿದ್ದರು! ಕಾರಣ ಹೇಳಬೇಕಾದವರು ವೈದ್ಯರು. ಆದರೆ ನನಗೆ ಗೊತ್ತಿದ್ದನ್ನು ಮುಚ್ಚಿಡಲಿಲ್ಲ. ಸ್ಟೆಂಟ್ ಆದವರು ನುಂಗುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ರೇಶಿಗೂ ಆ ಗುಣ ಇರಬಹುದಾದ್ದರಿಂದ ಜೊತೆಗೆ ತೆಗೆದುಕೊಂಡರೆ ರಕ್ತಸ್ರಾವದ ಭಯವಿದೆ. ಅಮೃತಬಳ್ಳಿ ಸೇವಿಸಿ ಲಿವರ್ ಊದಿಕೊಂಡ ರೋಗಿಗಳ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಅದು ನೋಡಲು ಹಾಗೇ ಇರುವ ಬೇರೆ ಬಳ್ಳಿ ಇರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಡಬ್ಬಿಯೊಳಗಿನ ಪುಡಿ ಯಾವ ಬಳ್ಳಿಯದೆಂದು ನಮಗೇನು ಗೊತ್ತು?

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಣ್ಣನ ಮಾತು ಬಂತು. ಮಾತ್ರೆ ತಪ್ಪದೆ ನುಂಗುತ್ತಿದ್ದ ಅಣ್ಣ ತೋಟದಲ್ಲೇ ಕುಸಿದು ಹೋಗಿದ್ದ. "ಮಾತ್ರೆ ಒಂದನ್ನೇ ಹೇಗೆ ನಂಬಲಿ?" ನಿದ್ದೆ ಕದ್ದದ್ದು ಈ ಭಯವೇ.

ನಾನು ಹೇಳಿದ್ದು ಇಷ್ಟು. ಇವತ್ತೇ ಎರಡೂ ಡಬ್ಬಿ ಹಿಡಿದು ವೈದ್ಯರ ಬಳಿ ಹೋಗಿ, ಅಲ್ಲಿಯವರೆಗೆ ಇವನ್ನು ಮುಟ್ಟಬೇಡಿ. ಸ್ಟೆಂಟಿನ ಮಾತ್ರೆಗಳನ್ನು ಮಾತ್ರ ನೀವಾಗಿ ಒಂದು ದಿನವೂ ಬಿಡಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮಲ ಕಪ್ಪಾದರೆ ಕಾಯದೆ ಆಸ್ಪತ್ರೆಗೆ ಓಡಿ. ಹಲ್ಲು ಕೀಳಿಸುವುದಿದ್ದರೂ ಎಲ್ಲ ಔಷಧಿ ಹೇಳಿಯೇ ಕೂರಿ.

ಭಾವಮೈದುನನಿಗೆ ಹೇಗೆ ಹೇಳುವುದು ಎಂಬುದೇ ಅವರಿಗೆ ದೊಡ್ಡ ಸಂಕಟ. ಅವನು ಕೊಡುತ್ತಿದ್ದದ್ದು ಪ್ರೀತಿಯಿಂದ. "ನೀನು ಕಾಳಜಿ ಮಾಡಿದ್ದು ಸಂತೋಷ. ಡಾಕ್ಟರನ್ನು ಕೇಳದೆ ತಗೊಳ್ಳಲ್ಲ, ಇನ್ನು ತರಬೇಡ" ಎಂಬ ಮಾತನ್ನು ನನ್ನೆದುರೇ ನಾಲ್ಕು ಸಲ ಹೇಳಿಸಿದೆ.

ವೈದ್ಯರು ಎರಡನ್ನೂ ನಿಲ್ಲಿಸಿದರು. ಆರು ವಾರಕ್ಕೆ ಎಸ್‌ಜಿಪಿಟಿ 61ಕ್ಕೆ ಇಳಿಯಿತು. ಈಗ ಸಂಜೆ ಹೆಂಡತಿಯ ಜೊತೆ ತೋಟದ ತುದಿಯವರೆಗೆ ನಡೆಯುತ್ತಾರಂತೆ. ಅಣ್ಣ ಬಿದ್ದ ಜಾಗದ ಬಳಿ ಮಾತ್ರ ಇನ್ನೂ ಹೋಗಿಲ್ಲ. ಮುಂದಿನ ಭೇಟಿ ಅದಕ್ಕೇ ಮೀಸಲು.