ಅನುದಾನ ಹೆಚ್ಚು ಸಿಗುವ ತಂತ್ರಜ್ಞಾನವನ್ನೇ ಆರಿಸಿಕೊಳ್ಳಬೇಕೇ?

ಅಂತರರಾಷ್ಟ್ರೀಯ ನಿಧಿಯ ನೆರವಿನಿಂದ ನಿಮ್ಮ ಕಾರ್ಖಾನೆಯ ಫೋಮ್ ವಿಭಾಗವನ್ನು ಬದಲಾಯಿಸುವ ಅವಕಾಶ ಬಂದಿದೆ. ಫೋಮ್ ಉಬ್ಬಿಸುವ ರಾಸಾಯನಿಕವಾಗಿ ಈಗಿನ ಯಂತ್ರಕ್ಕೇ ಒಗ್ಗುವ ಎಚ್‌ಎಫ್‌ಸಿಗೆ ಸದ್ಯಕ್ಕೆ ಹೋಗುವುದೇ, ಬೆಂಕಿಯ ಭಯವಿರುವ ಸೈಕ್ಲೋಪೆಂಟೇನ್‌ಗೆ ಹೋಗುವುದೇ, ಯಾವುದಕ್ಕೆ ಅನುದಾನ ಹೆಚ್ಚು ಎಂದು ಕೇಳಿದ್ದೀರಿ. 1998ರಲ್ಲಿ ನಾನು ಇದೇ ಪ್ರಶ್ನೆಯನ್ನು ಇದೇ ಕ್ರಮದಲ್ಲಿ ಕೇಳಿದ್ದೆ. ರಾಸಾಯನಿಕಗಳ ಹೆಸರು ಮಾತ್ರ ಬೇರೆಯಾಗಿದ್ದವು. ಆಗ ಮಾಡಿದ ಆಯ್ಕೆಯ ಸಾಲ ತೀರುವಷ್ಟರಲ್ಲಿ 2014 ಬಂದಿತ್ತು.

ಮೀನು, ಔಷಧಿ ಮೊದಲಾದವನ್ನು ತಣ್ಣಗೆ ಸಾಗಿಸಲು ಬಳಸುವ ಶಾಖನಿರೋಧಕ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಉತ್ಪಾದನಾ ವಿಭಾಗದ ಹೊಣೆ ಹೊತ್ತಿದ್ದೆ. ಒಳಗೊಂದು ಪ್ಲಾಸ್ಟಿಕ್ ಹಾಳೆ, ಹೊರಗೊಂದು ಹಾಳೆ, ನಡುವೆ ಪಾಲಿಯುರೆಥೇನ್ ಫೋಮ್. ಆ ಫೋಮನ್ನು ಉಬ್ಬಿಸಲು ವರ್ಷಕ್ಕೆ ಸುಮಾರು 20 ಟನ್ ಸಿಎಫ್‌ಸಿ-11 ಎಂಬ ರಾಸಾಯನಿಕವನ್ನು ಬಳಸುತ್ತಿದ್ದೆವು. ಅದರ ಕುದಿಯುವ ಬಿಂದು ಸುಮಾರು 24 ಡಿಗ್ರಿ. ಬಿಸಿಲಿನ ಮಧ್ಯಾಹ್ನ ಡ್ರಮ್ಮಿನ ಬಿರಡೆಯನ್ನು ಸಡಿಲಿಸಿದರೆ ಒಳಗಿನ ದ್ರವ ಬುಸ್ಸೆಂದು ಹೊರಗೆ ಹಾರುತ್ತಿತ್ತು. ಹಾಗೆ ಹಾರಿಹೋದದ್ದೂ, ಫೋಮಿನೊಳಗೆ ಸೇರಿದ್ದೂ ಕೊನೆಗೆ ವಾಯುಮಂಡಲದ ಮೇಲ್ಪದರಕ್ಕೇ ಹೋಗಿ ಓಝೋನನ್ನು ನಾಶಮಾಡುತ್ತದೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ನಿಮಗೆ ನೆರವು ನೀಡಲಿರುವ ನಿಧಿಯ ಹಿನ್ನೆಲೆಯನ್ನು ಸ್ವಲ್ಪ ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ನನ್ನ ತಪ್ಪು ಹುಟ್ಟಿದ್ದು ಅದನ್ನು ಸರಿಯಾಗಿ ಓದದೆ ಇದ್ದುದರಿಂದ. ಓಝೋನ್ ಪದರವನ್ನು ಉಳಿಸಲು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಲು ಭಾರತ, ಚೀನಾದಂಥ ದೇಶಗಳು ಮೊದಲು ಒಪ್ಪಿರಲಿಲ್ಲ. ಓಝೋನ್ ಪದರವನ್ನು ಹಾಳುಮಾಡಿದ್ದು ಬಹುಪಾಲು ಶ್ರೀಮಂತ ದೇಶಗಳ ಕೈಗಾರಿಕೆ. ಅದನ್ನು ಸರಿಪಡಿಸುವ ವೆಚ್ಚವನ್ನು ಈಗಷ್ಟೇ ಬೆಳೆಯುತ್ತಿರುವ ಕೈಗಾರಿಕೆಗಳ ಮೇಲೆ ಏಕೆ ಹೊರಿಸಬೇಕು ಎಂಬುದು ಅವುಗಳ ನ್ಯಾಯವಾದ ವಾದವಾಗಿತ್ತು. 1990ರಲ್ಲಿ ಲಂಡನ್ನಿನಲ್ಲಿ ಸೇರಿದ ದೇಶಗಳು ಆ ವಾದವನ್ನು ಒಪ್ಪಿ ಬಹುಪಕ್ಷೀಯ ನಿಧಿಯನ್ನು ಸ್ಥಾಪಿಸಿದವು. 1991ರಿಂದ ಅದು ಕೆಲಸ ಮಾಡುತ್ತಿದೆ. ಅದರ ಕಾರ್ಯಕಾರಿ ಸಮಿತಿಯ 14 ಸದಸ್ಯರಲ್ಲಿ ಏಳು ಅಭಿವೃದ್ಧಿಶೀಲ ದೇಶಗಳು, ಏಳು ಶ್ರೀಮಂತ ದೇಶಗಳು. ಹಣ ಕೊಡುವವರ ಕೈಯಲ್ಲೇ ತೀರ್ಮಾನವೂ ಇರುವ ಇತರ ನೆರವಿನ ವ್ಯವಸ್ಥೆಗಳನ್ನು ನೋಡಿದ ಮೇಲೆ ಈ ಸಮಬಲದ ಮಹತ್ವ ನನಗೆ ಅರ್ಥವಾಯಿತು. ಆದುದರಿಂದ ನೀವು ಪಡೆಯಲಿರುವುದು ದಾನವಲ್ಲ, ಒಪ್ಪಂದದ ಪ್ರಕಾರ ನಿಮಗೆ ಸಲ್ಲಬೇಕಾದದ್ದು. ಆದರೆ ಅದು ಆದಾಯವೂ ಅಲ್ಲ. ಹಳೆಯ ವಿಧಾನದಿಂದ ಹೊಸ ವಿಧಾನಕ್ಕೆ ಹೋಗಲು ತಗಲುವ ಹೆಚ್ಚುವರಿ ವೆಚ್ಚ ಎಷ್ಟೋ ಅಷ್ಟನ್ನು, ಅದೂ ಒಂದು ಮಿತಿಯೊಳಗೆ, ನಿಧಿ ಭರಿಸುತ್ತದೆ. ಹಾಗಾಗಿ ‘ಯಾವುದಕ್ಕೆ ಅನುದಾನ ಹೆಚ್ಚು’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅನುದಾನ ಹೆಚ್ಚು ಸಿಕ್ಕಿತೆಂದರೆ ನಿಮ್ಮ ಖರ್ಚು ಅಷ್ಟು ಹೆಚ್ಚಿತ್ತು ಎಂದಷ್ಟೇ ಅರ್ಥ.

ಆ ಕಾಲದಲ್ಲಿ ನಮ್ಮ ಮುಂದೆ ಎರಡು ದಾರಿಗಳಿದ್ದವು. ಒಂದು, ಸಿಎಫ್‌ಸಿಯ ಬದಲಿಗೆ ಬಂದಿದ್ದ ಎಚ್‌ಸಿಎಫ್‌ಸಿ ವರ್ಗದ 141ಬಿ. ಅದು ಓಝೋನಿಗೆ ಮಾಡುವ ಹಾನಿ ಸಿಎಫ್‌ಸಿ-11ರ ಒಂಬತ್ತನೇ ಒಂದು ಭಾಗದಷ್ಟು, ಯಂತ್ರದಲ್ಲಿ ಅಲ್ಪಸ್ವಲ್ಪ ಬದಲಾವಣೆ ಸಾಕು, ಬೆಂಕಿಯ ಅಪಾಯ ಅಷ್ಟಾಗಿ ಇಲ್ಲ. ಇನ್ನೊಂದು, ಸೈಕ್ಲೋಪೆಂಟೇನ್. ಅದು ಓಝೋನಿಗೆ ಏನೂ ಮಾಡುವುದಿಲ್ಲ, ಭೂಮಿಯ ತಾಪವನ್ನೂ ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ. ಆದರೆ ಗಾಳಿಯಲ್ಲಿ ಅದರ ಆವಿ ಶೇಕಡ ಒಂದೂವರೆಯಷ್ಟು ಸೇರಿದರೆ ಒಂದು ಕಿಡಿ ಸಾಕು. ನೆಲದಡಿಯ ಟ್ಯಾಂಕು, ಅನಿಲ ಸೋರಿದರೆ ಎಚ್ಚರಿಸುವ ಸಂವೇದಕಗಳು, ಗಾಳಿ ಹೊರಹಾಕುವ ವ್ಯವಸ್ಥೆ, ಕಿಡಿ ಹಾರದ ಮೋಟಾರುಗಳು, ಪ್ರತಿ ಅಚ್ಚಿಗೂ ಅರ್ಥಿಂಗ್, ಇವೆಲ್ಲ ಬೇಕು. ನಿಧಿಯು ಗಟ್ಟಿ ಫೋಮ್‌ಗೆ ಇಟ್ಟಿದ್ದ ಮಿತಿ, ಓಝೋನ್ ಹಾನಿಯ ಲೆಕ್ಕದಲ್ಲಿ ಕೈಬಿಡುವ ಪ್ರತಿ ಕಿಲೋಗ್ರಾಂಗೆ 7.83 ಡಾಲರ್. ನಮ್ಮ 20 ಟನ್‌ಗೆ ಸುಮಾರು ಒಂದೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ಸಿಗುವಂತಿರಲಿಲ್ಲ. 141ಬಿಗೆ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ಸೈಕ್ಲೋಪೆಂಟೇನ್‌ಗೆ ನಮ್ಮ ಕೈಯಿಂದ ಸೇರಿಸಬೇಕಾಗುತ್ತಿತ್ತು.

ನಾನು 141ಬಿಯನ್ನು ಶಿಫಾರಸು ಮಾಡಿದೆ. ಆಗ ಎಚ್‌ಸಿಎಫ್‌ಸಿ ಆರಿಸಿಕೊಳ್ಳುವ ಕಾರ್ಖಾನೆಯು, ಮುಂದೆ ಅದನ್ನು ಬಿಡಬೇಕಾಗಿ ಬಂದಾಗ ಆ ವೆಚ್ಚವನ್ನು ತಾನೇ ಭರಿಸಿಕೊಳ್ಳುವುದಾಗಿ ಬರೆದುಕೊಡಬೇಕಿತ್ತು. ಆ ಪತ್ರವನ್ನು ನಾನೇ ಟೈಪ್ ಮಾಡಿದೆ. ಅರ್ಧ ಪುಟದ ಪತ್ರ. ಮಾಲೀಕರು ಸಹಿ ಹಾಕುವ ಮೊದಲು, “ಇದರಿಂದ ಮುಂದೆ ಏನೂ ತೊಂದರೆ ಇಲ್ಲವಷ್ಟೇ?” ಎಂದು ಕೇಳಿದರು. “ಸರ್, ಅದಕ್ಕೆ 2040ರವರೆಗೆ ಸಮಯವಿದೆ” ಎಂದೆ.

ನನ್ನ ತಪ್ಪು ಆ ಒಂದು ಮಾತಿನಲ್ಲಿದೆ. ಅದನ್ನು ಬಿಡಿಸಿ ಹೇಳಬೇಕು. 141ಬಿ ಆರಿಸಿದ್ದೇ ತಪ್ಪು ಎಂದು ಬಹಳ ಕಾಲ ನಾನೂ ತಿಳಿದಿದ್ದೆ. ಆದರೆ ನೂರಾರು ಕಾರ್ಖಾನೆಗಳು ಅದನ್ನೇ ಆರಿಸಿದ್ದವು, ಕೆಲವಕ್ಕೆ ಬೇರೆ ದಾರಿಯೂ ಇರಲಿಲ್ಲ. ನಾನು ಮಾಡಿದ ತಪ್ಪು, 2040 ಎಂಬ ದಿನಾಂಕವನ್ನು ಭರವಸೆ ಎಂದು ಓದಿಕೊಂಡದ್ದು. ಅಭಿವೃದ್ಧಿಶೀಲ ದೇಶಗಳು 2016ರಲ್ಲಿ ಎಚ್‌ಸಿಎಫ್‌ಸಿ ಬಳಕೆಯನ್ನು ಏರದಂತೆ ತಡೆದು, 2040ಕ್ಕೆ ಪೂರ್ತಿ ನಿಲ್ಲಿಸಬೇಕು ಎಂದು ಆಗ ಇದ್ದದ್ದು ನಿಜ. ಆದರೆ ಅದೇ ಒಪ್ಪಂದದ ಎರಡನೇ ವಿಧಿಯಲ್ಲಿ ಇನ್ನೊಂದು ಅಂಶವಿದೆ. ಒಪ್ಪಂದಕ್ಕೆ ಹೊಸ ರಾಸಾಯನಿಕವನ್ನು ಸೇರಿಸಬೇಕಾದರೆ ತಿದ್ದುಪಡಿ ಬೇಕು, ಅದನ್ನು ಪ್ರತಿ ದೇಶವೂ ಅನುಮೋದಿಸಬೇಕು. ಆಗಲೇ ಪಟ್ಟಿಯಲ್ಲಿರುವ ರಾಸಾಯನಿಕದ ಗಡುವನ್ನು ಹತ್ತಿರಕ್ಕೆ ತರಲು ತಿದ್ದುಪಡಿ ಬೇಡ. ಸದಸ್ಯ ದೇಶಗಳ ಸಭೆ ಹೊಂದಾಣಿಕೆಯ ನಿರ್ಧಾರ ತೆಗೆದುಕೊಂಡರೆ ಸಾಕು, ಅಧಿಕೃತವಾಗಿ ತಿಳಿಸಿದ ಆರು ತಿಂಗಳ ನಂತರ ಅದು ಎಲ್ಲ ಸದಸ್ಯ ದೇಶಗಳಿಗೂ ತಾನಾಗಿಯೇ ಅನ್ವಯಿಸುತ್ತದೆ. ಯಾವ ಸಂಸತ್ತಿನ ಮುಂದೆಯೂ ಅದು ಮತ್ತೆ ಹೋಗಬೇಕಾಗಿಲ್ಲ. ಅಂದರೆ ಪಟ್ಟಿಯಲ್ಲಿರುವ ಯಾವುದೇ ರಾಸಾಯನಿಕದ ಗಡುವು ಒಂದು ವಾರದ ಸಭೆಯಲ್ಲಿ ಹತ್ತು ವರ್ಷ ಮುಂಚಿತವಾಗಬಹುದು.

ಹೀಗಾಗಬಹುದು ಎಂದು ಊಹಿಸಲು ವಿಶೇಷ ಜ್ಞಾನವೇನೂ ಬೇಕಿರಲಿಲ್ಲ. ಆಗಲೇ ಆಗಿತ್ತು. ಶ್ರೀಮಂತ ದೇಶಗಳು ಸಿಎಫ್‌ಸಿಯನ್ನು 2000ಕ್ಕೆ ನಿಲ್ಲಿಸಬೇಕು ಎಂದು 1990ರಲ್ಲಿ ಲಂಡನ್ನಿನಲ್ಲಿ ತೀರ್ಮಾನವಾಗಿತ್ತು. ಎರಡೇ ವರ್ಷದಲ್ಲಿ, 1992ರ ಕೋಪನ್‌ಹೇಗನ್ ಸಭೆಯಲ್ಲಿ, ಅದನ್ನು 1996ಕ್ಕೆ ತಂದರು. ಹಾಗೆ ನೋಡಿದರೆ ಆರಂಭದ ಒಪ್ಪಂದದಲ್ಲಿ ಪೂರ್ಣ ನಿಷೇಧವೇ ಇರಲಿಲ್ಲ, ಅರ್ಧಕ್ಕೆ ಇಳಿಸುವ ಮಾತಷ್ಟೇ ಇತ್ತು. 1998ರಲ್ಲಿ ಈ ಎಲ್ಲ ದಿನಾಂಕಗಳೂ ನನ್ನ ಕಡತದಲ್ಲೇ ಇದ್ದವು. ಅವುಗಳನ್ನು ಒಂದರ ಕೆಳಗೊಂದು ಬರೆದು ನೋಡಿದ್ದರೆ, ಗಡುವು ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದು ಗೊತ್ತಾಗುತ್ತಿತ್ತು. ನಾನು ಕೊನೆಯ ಸಾಲನ್ನು ಮಾತ್ರ ಓದಿದೆ. ಇದನ್ನು ಬರೆಯುವಾಗಲೂ ಮನಸ್ಸಿಗೆ ನೋವಾಗುತ್ತದೆ, ಏಕೆಂದರೆ ಮಾಲೀಕರು ನನ್ನ ಮಾತನ್ನು ನಂಬಿ ಸಹಿ ಹಾಕಿದ್ದರು.

2000ದಲ್ಲಿ ಬದಲಾವಣೆ ಮುಗಿಯಿತು. ಮೊದಲ ದಿನ ಲೋಟದಲ್ಲಿ ಮಿಶ್ರಣ ಸುರಿದು, ಅದು ಕೆನೆಗಟ್ಟಿ ಉಬ್ಬುವವರೆಗೆ ಸೆಕೆಂಡುಗಳನ್ನು ಎಣಿಸುತ್ತಾ ನಿಂತಿದ್ದೆವು. ಹಳೆಯ ಫೋಮಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲವೆನಿಸಿ ಎಲ್ಲರಿಗೂ ಸಮಾಧಾನವಾಯಿತು. ಮೂರನೆಯ ತಿಂಗಳಲ್ಲಿ ಪೆಟ್ಟಿಗೆಗಳು ವಾಪಸ್ ಬರತೊಡಗಿದವು. ಒಳಗಿನ ಪಾಲಿಸ್ಟೈರೀನ್ ಹಾಳೆಯ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕುಗಳು, ಬೆರಳಿನಿಂದ ಒತ್ತಿದರೆ ಸಣ್ಣಗೆ ಚಟಚಟ ಸದ್ದು. 141ಬಿ ಆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಸೀಳುತ್ತದೆ. ದುಬಾರಿ ಹಾಳೆಗೆ ಬದಲಾಯಿಸಿದೆವು. ಅದನ್ನು ಅನುದಾನದ ಲೆಕ್ಕದಲ್ಲಿ ಸೇರಿಸಿರಲಿಲ್ಲ.

2007ರ ಸೆಪ್ಟೆಂಬರಿನಲ್ಲಿ, ಒಪ್ಪಂದಕ್ಕೆ ಇಪ್ಪತ್ತು ವರ್ಷ ತುಂಬಿದ ತಿಂಗಳಲ್ಲೇ, ಮಾಂಟ್ರಿಯಲ್‌ನಲ್ಲಿ ಸೇರಿದ ದೇಶಗಳು ಎಚ್‌ಸಿಎಫ್‌ಸಿ ಗಡುವನ್ನು ಹತ್ತಿರಕ್ಕೆ ತಂದವು. ಅಭಿವೃದ್ಧಿಶೀಲ ದೇಶಗಳ ಬಳಕೆ 2013ಕ್ಕೆ ಏರಿಕೆ ನಿಲ್ಲಬೇಕು, 2015ಕ್ಕೆ ಶೇಕಡ 10 ಇಳಿಯಬೇಕು, 2020ಕ್ಕೆ ಶೇಕಡ 35, 2025ಕ್ಕೆ ಶೇಕಡ 67.5, 2030ಕ್ಕೆ ಬಹುತೇಕ ಮುಗಿಯಬೇಕು. ಅನೇಕ ದೇಶಗಳು ಓಝೋನ್ ಹಾನಿ ಹೆಚ್ಚಿರುವ 141ಬಿಯನ್ನೇ ಮೊದಲು ಕೈಬಿಡಲು ತೀರ್ಮಾನಿಸಿದವು. ನಿರ್ಧಾರ ಸರಿಯಾಗಿತ್ತು, ಇದನ್ನು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಸಿದ್ಧವಿಲ್ಲದೆ ಇದ್ದವನು ನಾನು.

ಆಮೇಲೆ ಒಂದರ ಹಿಂದೊಂದು ಪೆಟ್ಟು ಬಿದ್ದವು. 1998ರಲ್ಲಿ ನಮ್ಮ ಶೆಡ್ಡಿನ ಹಿಂದೆ ಟ್ಯಾಂಕು ಹೂಳಲು ಹೇಳಿ ಮಾಡಿಸಿದಂಥ ಬಯಲಿತ್ತು; ಈಗ ಅಲ್ಲಿ ನಾವೇ ಕಟ್ಟಿಸಿದ ಗೋದಾಮು ನಿಂತಿತ್ತು. ಆ ಅರ್ಧ ಪುಟದ ಪತ್ರ ಕಡತದಲ್ಲಿತ್ತು. ನಿಧಿಯ ಸಮಿತಿಯು 2010ರಲ್ಲಿ, ಕೆಲವು ಷರತ್ತುಗಳ ಮೇಲೆ ಎರಡನೇ ಬಾರಿಯ ಬದಲಾವಣೆಗೂ ನೆರವು ಪರಿಗಣಿಸಲು ಒಪ್ಪಿದ್ದು ನಮ್ಮ ಪುಣ್ಯ. ಆದರೆ 2007ರ ಸೆಪ್ಟೆಂಬರ್ 21ರ ನಂತರ ಅಳವಡಿಸಿದ ಸಾಮರ್ಥ್ಯಕ್ಕೆ ನೆರವಿಲ್ಲ ಎಂಬ ನಿಯಮವಿತ್ತು. ನಮ್ಮ ಎರಡನೇ ಫೋಮ್ ಉತ್ಪಾದನಾ ಸಾಲು ಶುರುವಾದದ್ದು 2008ರಲ್ಲಿ. ಶ್ರೀಮಂತ ದೇಶದ ಪಾಲುದಾರರ ಮಾಲೀಕತ್ವದ ಭಾಗಕ್ಕೂ ನೆರವಿಲ್ಲ. ನಾವು ಬಂಡವಾಳದ ಕೊರತೆಯಿಂದ ಅಷ್ಟರಲ್ಲಿ ಅಂಥವರೊಬ್ಬರಿಗೆ ಪಾಲು ಕೊಟ್ಟಿದ್ದೆವು. ಕಳೆದು ಉಳಿದದ್ದು ಖರ್ಚಿನ ಅರ್ಧಕ್ಕೂ ಕಡಿಮೆ. ಗೋದಾಮಿನ ಒಂದು ಭಾಗವನ್ನು ಕೆಡವಿಸಿ, ಮೊದಲೇ ಸೈಕ್ಲೋಪೆಂಟೇನ್ ಬೆರೆಸಿದ ಪಾಲಿಯಾಲ್ (ಫೋಮಿನ ಮೂಲ ದ್ರವಗಳಲ್ಲಿ ಒಂದು) ಡ್ರಮ್ಮುಗಳನ್ನು ಇಡಲು ಪ್ರತ್ಯೇಕ ಕೋಣೆ ಮಾಡಿಸಿ, ಸಂವೇದಕಗಳನ್ನು ಹಾಕಿಸಿ 2014ರಲ್ಲಿ ಮುಗಿಸಿದೆವು. ಹದಿನಾರು ವರ್ಷ ಹೆದರಿ ದೂರ ಇಟ್ಟಿದ್ದ ರಾಸಾಯನಿಕದ ಜೊತೆ ಕೆಲಸ ಮಾಡಲು ನಮ್ಮ ಕೆಲಸಗಾರರಿಗೆ ಬೇಕಾದದ್ದು ಮೂರು ವಾರಗಳ ತರಬೇತಿ ಮತ್ತು ಒಬ್ಬ ಕಟ್ಟುನಿಟ್ಟಿನ ಸುರಕ್ಷತಾ ಅಧಿಕಾರಿ.

ಈಗ ನಿಮ್ಮ ವಿಷಯ. ಎಚ್‌ಎಫ್‌ಸಿ ಓಝೋನಿಗೆ ಹಾನಿ ಮಾಡುವುದಿಲ್ಲ, ನಿಜ. ಆದರೆ ಫೋಮಿಗೆ ಬಳಸುವ ಎಚ್‌ಎಫ್‌ಸಿ-245ಎಫ್‌ಎಯ ತಾಪವರ್ಧಕ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಸಾವಿರ ಪಟ್ಟು. 2016ರ ಕಿಗಾಲಿ ತಿದ್ದುಪಡಿಯಿಂದ ಎಚ್‌ಎಫ್‌ಸಿಗಳೂ ಅದೇ ಪಟ್ಟಿಗೆ ಬಂದಿವೆ: ಹೆಚ್ಚಿನ ಅಭಿವೃದ್ಧಿಶೀಲ ದೇಶಗಳಿಗೆ 2024ರಿಂದ, ಉಳಿದ ಸಣ್ಣ ಗುಂಪಿಗೆ 2028ರಿಂದ ಬಳಕೆ ಏರುವಂತಿಲ್ಲ, 2040ರ ದಶಕದಲ್ಲಿ ಶೇಕಡ 80ರಿಂದ 85ರಷ್ಟು ಇಳಿಯಬೇಕು. ಪಟ್ಟಿಗೆ ಸೇರಿದ ಮೇಲೆ ಗಡುವನ್ನು ಹತ್ತಿರಕ್ಕೆ ತರಲು ಏನು ಸಾಕು ಎಂಬುದನ್ನು ಮೇಲೆ ಹೇಳಿದ್ದೇನೆ. ನೀವು ‘ಸದ್ಯಕ್ಕೆ’ ಎಂದು ಬರೆದಿದ್ದೀರಿ. ನಾನು ಹೇಳಿದ ‘2040ರವರೆಗೆ ಸಮಯವಿದೆ’ ಎಂಬ ಮಾತಿಗೂ ಈ ‘ಸದ್ಯಕ್ಕೆ’ಗೂ ವ್ಯತ್ಯಾಸವಿಲ್ಲ. ಎಚ್‌ಎಫ್‌ಸಿಗೆ ಹೋಗಬೇಡಿ.

ನಿಮ್ಮ ಬಳಕೆ ಕಡಿಮೆ ಇದ್ದು, ಸೈಕ್ಲೋಪೆಂಟೇನ್ ಟ್ಯಾಂಕಿನ ಖರ್ಚು ಕೈಮೀರುವಂತಿದ್ದರೆ, ಮೊದಲೇ ಬೆರೆಸಿದ ಪಾಲಿಯಾಲ್ ಒದಗಿಸುವವರು ನಿಮ್ಮ ದೇಶದಲ್ಲಿ ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಎಚ್‌ಎಫ್‌ಒ ಎಂಬ ಹೊಸ ರಾಸಾಯನಿಕ ವರ್ಗವೂ ಇದೆ, ಬೆಂಕಿಯ ಅಪಾಯ ತೀರಾ ಕಡಿಮೆ. ಆದರೆ ಬೆಲೆ ಹೆಚ್ಚು, ತಯಾರಕರು ಕೆಲವೇ ಮಂದಿ. ಅದರ ಬಗ್ಗೆ ನನಗೆ ಹೆಚ್ಚಿನ ಒಲವಿಲ್ಲ.

ನಿಧಿಯ ಪರವಾಗಿ ಯೋಜನೆ ನಡೆಸುವ ಅನುಷ್ಠಾನ ಸಂಸ್ಥೆಯ ತಜ್ಞರು ಬರುವ ಮೊದಲು ಮೂರು ಕಾಗದಗಳನ್ನು ಸಿದ್ಧಮಾಡಿಕೊಳ್ಳಿ: ಪ್ರತಿ ಯಂತ್ರವನ್ನು ಅಳವಡಿಸಿದ ದಿನಾಂಕ ತೋರಿಸುವ ಖರೀದಿ ಪತ್ರ, ಕಳೆದ ಮೂರು ವರ್ಷಗಳ ರಾಸಾಯನಿಕ ಖರೀದಿಯ ಲೆಕ್ಕ, ಮಾಲೀಕತ್ವದ ಪಾಲುಗಳ ವಿವರ. ನಿಮ್ಮ ಅನುದಾನದ ಮೊತ್ತವನ್ನು ನಿರ್ಧರಿಸುವುದು ಬಹುತೇಕ ಇವೇ. ಮುಂದಿನ ಬದಲಾವಣೆಯ ಖರ್ಚು ನಿಮ್ಮದೇ ಎನ್ನುವ ಯಾವ ಪತ್ರವನ್ನೇ ಮುಂದಿಟ್ಟರೂ ಅಂದೇ ಸಹಿ ಹಾಕಬೇಡಿ. ಲೆಕ್ಕಿಗರ ಜೊತೆ ಕೂತು ಆ ಖರ್ಚು ಹತ್ತು ವರ್ಷದಲ್ಲೇ ಬಂದರೆ ಎಷ್ಟಾಗುತ್ತದೆ ಎಂದು ಬರೆಸಿ ನೋಡಿ. ಮತ್ತು ಶೆಡ್ಡಿನ ಹಿಂದೆ ಖಾಲಿ ಜಾಗವಿದ್ದರೆ, ಈ ಯೋಜನೆ ಮುಗಿಯುವವರೆಗೆ ಅಲ್ಲಿ ಒಂದು ಇಟ್ಟಿಗೆಯನ್ನೂ ಇಡಬೇಡಿ.